ಆಟಕ್ಕುಂಟು, ಲೆಕ್ಕಕ್ಕಿಲ್ಲ

ಸೋಮವಾರ ಒಂಬತ್ತಕ್ಕೆ ಲೈಬ್ರರಿಯ ಬಾಗಿಲು ತೆಗೆದರೆ
ಮೆಟ್ಟಿಲ ಮೇಲೆ ಇಬ್ಬರು ಮುದುಕರು, ನಡುವೆ ಒಂದು ಫ್ಲಾಸ್ಕು.
ಆರ್ವಿಲ್ ಸ್ಟಟ್ಸ್‌ಮನ್, ಟಿಲ್ಸನ್ ಕಾಲೇಜಿನವ.
ಲೆಮ್ ಪೆಟಿಬೋನ್, ಹೊಳೆಯಾಚೆಯ ಹೋಲ್ಕಂಬಿನವ.
ಶನಿವಾರ ಕ್ಷೌರದಂಗಡಿಯಲ್ಲಿ ಹತ್ತಿದ ಜಗಳ
ಭಾನುವಾರದ ಚರ್ಚಿನಲ್ಲೂ ಆರಿಲ್ಲ.
ಪಂಥಕ್ಕೆ ಒಂದು ಸೇಬಿನ ಪೈ.
ಪಂಚಾಯ್ತಿಗೆ ನಾನು,
ಒಹಾಯೊದ ಈ ಪುಟ್ಟ ಊರಲ್ಲಿ ಹಳೆಯ ಪತ್ರಿಕೆ ಕಾಯುವವಳು.
ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಈ ಕಾಲ್ಚೆಂಡು
ಹನ್ನೆರಡು ವರ್ಷವಾದರೂ ನನ್ನ ತಲೆಗೆ ಹತ್ತಿಲ್ಲ.
ಹಾಗಾಗಿಯೇ ನ್ಯಾಯಕ್ಕೆ ಯೋಗ್ಯಳಂತೆ.

ಇವತ್ತಿನವರೆಗಿನದೆಲ್ಲ ಕೂಡಿದರೆ ಯಾರು ದೊಡ್ಡವರು?

ಆರ್ವಿಲ್ ಗೆಲುವು ಎಣಿಸುತ್ತಾನೆ: ಏಳುನೂರ ಹನ್ನೆರಡು.
ಲೆಮ್ ನಗುತ್ತಾನೆ: ‘ಸಾವಿರದ ಎಂಟುನೂರ ಎಂಬತ್ತೊಂಬತ್ತರಿಂದ
ಆಡುತ್ತಲೇ ಇದ್ದೀರಿ ಮಾರಾಯ,
ವಯಸ್ಸಾದದ್ದನ್ನೇ ಪದಕ ಅಂತ ಚುಚ್ಚಿಕೊಂಡರೆ ಹೇಗೆ?
ನಾವು ಮೂವತ್ತೆರಡು ವರ್ಷ ಕಿರಿಯರು,
ಗೆದ್ದದ್ದು ಐನೂರ ನಲವತ್ತೆಂಟೇ ಇರಲಿ,
ನೂರಕ್ಕೆ ಅರವತ್ತನಾಲ್ಕು. ನಿಮ್ಮದು ಅರವತ್ತೆರಡು.’

ರಟ್ಟಿನ ದಫ್ತರ ಬಿಚ್ಚಿದೆ. ಧೂಳಿಗೆ ಮೂವರೂ ಸೀನಿದೆವು.
ಹಲ್ಲಿನ ಡಾಕ್ಟರಿಕೆ ಓದುತ್ತಿದ್ದ ಹುಡುಗರನ್ನು
ಎಂಬತ್ತೆಂಟು–ಸೊನ್ನೆಗೆ ಬಡಿದದ್ದು, ಒಂದು ಗೆಲುವು.
ಎದುರಾಳಿಯ ರೈಲು ಹಿಮದಲ್ಲಿ ಹೂತು
ಯಾರೂ ಬಾರದೆ ಹೋದದ್ದು, ಅದೂ ಒಂದು ಗೆಲುವು.
ಮೂವತ್ತೆಂಟು ಸಲ ಸಮಸಮ:
ಮಬ್ಬುಗತ್ತಲಾಗುವ ತನಕ ಕೆಸರಲ್ಲಿ ಬಿದ್ದೆದ್ದು
ಕೈಕುಲುಕಿ ಮನೆಗೆ ಹೋದವರು;
ಅವರನ್ನು ಅರ್ಧ ಗೆಲುವೆಂದು ಬರೆಯಲೋ,
ಸುಮ್ಮನೆ ಬಿಟ್ಟುಬಿಡಲೋ?
ಹದಿನೆಂಟನೇ ಇಸವಿಯ ಪುಟ ಖಾಲಿ.
ಮೂಲೆಯಲ್ಲಿ ಒಂದೇ ಪದ: ಜ್ವರ.

ಆಮೇಲೆ ಎಪ್ಪತ್ತನಾಲ್ಕು.
ಒಂಬತ್ತು ಗೆಲುವಿನ ಮೇಲೆ ಕೆಂಪು ಗೆರೆ.
ರಸಾಯನಶಾಸ್ತ್ರದಲ್ಲಿ ನಪಾಸಾದ ಹುಡುಗನೊಬ್ಬ
ಆಡಬಾರದಿದ್ದವನು ಆಡಿದ್ದನಂತೆ;
ಸಮಿತಿ ಕೂತು ಇಡೀ ಶರತ್ಕಾಲವನ್ನೇ ಹೊಡೆದುಹಾಕಿತ್ತು.
‘ಏಳುನೂರ ಮೂರು!’ ಲೆಮ್ ಮೇಜು ಕುಟ್ಟಿದ.
ಆರ್ವಿಲ್ ಮಾತಾಡಲಿಲ್ಲ.
ಎಡಮೊಣಕಾಲು ಸವರಿಕೊಂಡ.

ನಾನು ಬೆರಳಿಟ್ಟು ಓದಿದೆ:
ನವೆಂಬರ್ ಹದಿನಾರು, ಟಿಲ್ಸನ್ ಹದಿನಾಲ್ಕು, ಹೋಲ್ಕಂಬ್ ಹದಿಮೂರು.
ಗೆರೆಯ ಕೆಳಗೆ ಹೆಸರು ಇನ್ನೂ ಕಾಣುತ್ತದೆ, ಸ್ಟಟ್ಸ್‌ಮನ್,
ಕೊನೆಯ ನಿಮಿಷ, ನಾಲ್ಕು ಗಜ,
ಕಾಲಿಗೆ ಜೋತುಬಿದ್ದ ಒಬ್ಬನನ್ನು ಎಳೆದುಕೊಂಡೇ.

ನಿಯಮದ ಪುಸ್ತಕ ಹುಡುಕಿದೆ.
ಗೆದ್ದವರ ಗೆಲುವು ಅಳಿಸಬೇಕು.
ಸೋತವರಿಗೆ ಅದನ್ನು ಕೊಡುವ ಹಾಗಿಲ್ಲ.
ಅವರ ಸೋಲು ಇದ್ದ ಹಾಗೇ ಇರತಕ್ಕದ್ದು.

ಹರಿಹರದ ರೈಲ್ವೆ ಕ್ವಾರ್ಟರ್ಸಿನಲ್ಲಿ
ಎಲ್ಲರಿಗಿಂತ ಚಿಕ್ಕವಳು ನಾನು.
ಮುಟ್ಟಿದರೂ ಮುಟ್ಟಿದಂತಲ್ಲ, ಔಟಾದರೂ ಔಟಲ್ಲ,
ಅಕ್ಕಂದಿರ ಹಿಂದೆ ಮೊಣಕಾಲು ತರಚಿಕೊಂಡು ಓಡಿದ್ದೇ ಓಡಿದ್ದು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಆ ಮಾತನ್ನು ಇವರಿಗೆ ಇವರ ಭಾಷೆಯಲ್ಲಿ ಹೇಳಲು ಹೋಗಿ
ಎರಡು ಸಲ ತಡವರಿಸಿದೆ, ಸೋತೆ.
(ಆ ಸೋಲನ್ನು ಎಲ್ಲಿ ಬರೆಯುತ್ತಾರೋ.)

ಲೆಮ್ ಕನ್ನಡಕ ತೆಗೆದ.
ಅವನದೇ ಕಾಲೇಜಿನ ಪುಟದಲ್ಲಿ ಅದೇ ತಾರೀಖು, ಸೋಲು,
ಗೆರೆಯಿಲ್ಲ, ಕೆಂಪಿಲ್ಲ, ಶಾಯಿ ಹಾಗೇ ಇದೆ.
ತುಂಬ ಹೊತ್ತು ನೋಡಿದ.
‘ಆ ಕಾಲಿಗೆ ಜೋತುಬಿದ್ದವನು ನಾನು’ ಎಂದ.
‘ಅಂದು ಯಾರೂ ಗೆಲ್ಲಲಿಲ್ಲ ಅಂದರೆ
ನನ್ನನ್ನು ಸೋಲಿಸಿದ್ದು ಯಾರು?’

ಫ್ಲಾಸ್ಕಿನಲ್ಲಿ ಉಳಿದದ್ದು ಒಂದೇ ಲೋಟ.
ಆರ್ವಿಲ್ ಅದನ್ನು ಅವನ ಕಡೆ ಸರಿಸಿದ.
ಪೈ ಯಾರು ತರಬೇಕೆಂದು ನಾನಿನ್ನೂ ಹೇಳಿಲ್ಲ.
ಮುಂದಿನ ಸೋಮವಾರ ಬರುತ್ತಾರಂತೆ,
ಸಮಸಮಗಳ ವಿಷಯ ಬಾಕಿಯಿದೆ.